ಬೀಜ ತೆಗೆದ ಹಣ್ಣು

ಗರಿಯ ಮೊನೆಯನ್ನು ನಾಲಿಗೆಗೆ ಒಮ್ಮೆ ತಾಗಿಸದೆ ಒಡಿಲ್ ಒಂದು ಹಣ್ಣನ್ನೂ ಮುಟ್ಟುತ್ತಿರಲಿಲ್ಲ. ಹೆಬ್ಬಾತಿನ ಗರಿಯನ್ನು ಓರೆಯಾಗಿ ಕತ್ತರಿಸಿ, ಚೂಪು ಮಾಡಿ, ನಾಲಿಗೆಯ ತುದಿಯಲ್ಲಿ ಒದ್ದೆ ಮಾಡಿಕೊಂಡು, ಆಮೇಲೆ ಎಡಗೈಯಲ್ಲಿ ಹಿಡಿದ ಗ್ರೊಸೆ ಹಣ್ಣಿನ ತೊಟ್ಟಿನ ಪಕ್ಕಕ್ಕೆ ಮೆಲ್ಲಗೆ ಇಳಿಸುವಳು. ಬಟಾಣಿ ಕಾಳಿನಷ್ಟು ದಪ್ಪದ, ಒಳಗಿನ ಬೀಜ ಹೊರಗೇ ಕಾಣುವಷ್ಟು ತೆಳು ಸಿಪ್ಪೆಯ ಕೆಂಪು ಹಣ್ಣು ಅದು. ಸಿಪ್ಪೆ ಪುಟ್ಟ ಕದದಂತೆ ತೆರೆಯಬೇಕು, ಬೀಜಗಳೆಲ್ಲ ಹೊರಗೆ ಬರಬೇಕು, ಕದ ಮತ್ತೆ ಮುಚ್ಚಿಕೊಳ್ಳಬೇಕು, ರಸ ಚೆಲ್ಲಬಾರದು. ಹಾಗೆ ಮಾಡಿದ ಹಣ್ಣನ್ನು ಸಕ್ಕರೆ ಪಾಕದಲ್ಲಿ ಇಡಿಯಾಗಿ ಬೇಯಿಸಿ ಅಂಗೈ ಅಗಲದ ಗಾಜಿನ ಭರಣಿಗಳಿಗೆ ತುಂಬುತ್ತಿದ್ದರು. ಬಾರ್-ಲ-ದ್ಯುಕ್ ಪಟ್ಟಣದ ಮೇಲುಪೇಟೆಯ ಹೆಂಗಸರಿಗೆ ಜುಲೈ ತಿಂಗಳೆಂದರೆ ಇದೇ. ಮದುವೆ, ಜಗಳ, ಕಾಯಿಲೆ ಎಲ್ಲ ಆಗಸ್ಟ್‌ಗೆ.

"ಇನ್ನೊಂದ್ಸಲ ನೆಕ್ಕೇ. ಪ್ಯಾರಿಸ್ಸಿನ ದೊಡ್ಡ ಮನೆ ಹೆಂಗಸರು ನಿನ್ನ ಎಂಜಲು ತಿಂದು ಆಹಾ ಅಂತಾರೆ," ಎಂದಳು ಎದುರಿಗೆ ಕುಳಿತ ಬ್ಲಾಂಡಿನ್. ಪಕ್ಕದ ಮನೆಯವಳು. ಬಾಯಿ ಸುಮ್ಮನಿದ್ದರೆ ಅವಳ ಕೈಯೂ ನಿಂತುಹೋಗುತ್ತಿತ್ತು.

"ನನ್ನ ಎಂಜಲಿಂದ ಯಾರೂ ಸತ್ತಿಲ್ಲ. ನೀನು ಬಿಟ್ಟ ಬೀಜ ಕಚ್ಚಿ ಹಲ್ಲು ಮುರ್ಕೊಂಡೋರು ಎಷ್ಟು ಜನ ಇದಾರೋ," ಎಂದಳು ಒಡಿಲ್, ತಲೆ ಎತ್ತದೆ.

ಮೇಜಿನ ಸುತ್ತ ಇದ್ದ ಹೆಂಗಸರು ನಕ್ಕರು. ಒಡಿಲಳ ಮಾತಿಗೆ ನಗುವುದು ಕ್ಷೇಮ ಎಂದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಅವಳಿಗೆ. ಆದರೆ ಅಷ್ಟು ಚೊಕ್ಕ ಕೈ ಮೇಲುಪೇಟೆಯಲ್ಲಿ ಇನ್ನೊಂದಿರಲಿಲ್ಲ. ಸಂಜೆ ಹಣ್ಣು ತೂಗಿ ಕೊಡುವ ಮೊದಲು ಬೇರೆಯವರ ತಟ್ಟೆಗಳನ್ನೂ ಅವಳೇ ಕಣ್ಣಾಡಿಸಿ ನೋಡುವಳು. ಯಾರ ಕೆಲಸವನ್ನೂ ಅವಳು ನಂಬಿದವಳಲ್ಲ, ಹೊಗಳಿದ್ದಂತೂ ಇಲ್ಲವೇ ಇಲ್ಲ.

ಮೇಜಿನ ಅಂಚಿಗೆ ಗಲ್ಲ ಊರಿ ಸೋಲಾಂಜ್ ನಿಂತಿದ್ದಳು. ಆರು ವರ್ಷದ ಮೊಮ್ಮಗಳು. ಒಡಿಲಳ ಮಗಳು ಎಲಿಯಾನ್ ಕೆಳಪೇಟೆಯ ಹತ್ತಿ ಗಿರಣಿಗೆ ಹೋಗುವಾಗ ಬೆಳಿಗ್ಗೆ ಬಿಟ್ಟು, ಸಂಜೆ ಬಂದು ಕರೆದೊಯ್ಯುವಳು.

"ಮೆಮೆ, ಒಂದೇ ಒಂದು ಕೊಡು. ನಾನೂ ಬೀಜ ತೆಗೀತೀನಿ."

ಅಜ್ಜಿಯನ್ನು ಅಲ್ಲಿನ ಮಕ್ಕಳೆಲ್ಲ ಹಾಗೇ ಕರೆಯುವುದು. ಒಡಿಲ್ ಆ ಪುಟ್ಟ ಕೈಯನ್ನು ಗರಿಯ ಹಿಡಿಯಿಂದ ಆಚೆ ತಳ್ಳಿದಳು.

"ಕೈ ತೆಗಿ. ಇದು ತೂಕದ ಹಣ್ಣು. ಬೆಳಿಗ್ಗೆ ತೂಗಿ ಕೊಟ್ಟಿದಾರೆ, ಸಂಜೆ ತೂಗಿ ತಗೋತಾರೆ. ಕಡಿಮೆ ಬಂದ್ರೆ ನಿನ್ನ ತೂಗಿ ಕೊಡ್ಲಾ?"

"ಮತ್ತೆ ಕಲಿಯೋದು ಹೇಗೆ?"

"ನಾನು ಕಲ್ತ ಹಾಗೆ. ಬೇಲೀಲಿ ಏನು ಹಣ್ಣು ಸಿಗತ್ತೋ ಅದನ್ನಿಟ್ಕೊಂಡು ಕೂತ್ಕೋ. ಕೈ ಕೂತ ಮೇಲೆ ಬಾ, ಆಗ ನೋಡೋಣ."

ಹಾಗೆ ಹೇಳಿ, ಸವೆದುಹೋದ ಒಂದು ಹಳೆಯ ಗರಿಯನ್ನು ಅವಳ ಕಡೆ ಎಸೆದಳು. ಅದರಲ್ಲಿ ಹೊಸತೇನೂ ಇರಲಿಲ್ಲ. ಆ ಬೀದಿಯ ಹೆಣ್ಣುಮಕ್ಕಳೆಲ್ಲ ಬೇಲಿ ಹಣ್ಣಿನ ಮೇಲೆಯೇ ಕೈ ಪಳಗಿಸಿಕೊಂಡವರು, ಏಕೆಂದರೆ ಗ್ರೊಸೆ ಹಣ್ಣನ್ನು ಮಕ್ಕಳ ಕೈಗೆ ಕೊಟ್ಟು ಹಾಳುಮಾಡುವ ಐಶ್ವರ್ಯ ಯಾರಿಗೂ ಇರಲಿಲ್ಲ. ಆದರೆ ಆ ಮಾತಿನ ಜೊತೆಗೆ ಇನ್ನೊಂದು ಮಾತಿತ್ತು. ಬಾಯಿಗೆ ಮಾತ್ರ ಹಾಕ್ಕೋಬೇಡ ಎಂದು. ಒಡಿಲಳ ತಾಯಿ ಅದನ್ನು ಒಂದು ಸಲವೂ ಮರೆತವಳಲ್ಲ. ಆವತ್ತು ಒಡಿಲ್ ಮರೆತಳು. ಬುಟ್ಟಿ ಇನ್ನೂ ಅರ್ಧ ಉಳಿದಿತ್ತು, ಕಣಜಗಳು ಮುತ್ತುತ್ತಿದ್ದವು, ಬ್ಲಾಂಡಿನ್ ಯಾರದೋ ಸೊಸೆಯ ಕತೆ ತೆಗೆದಿದ್ದಳು. ಹುಡುಗಿ ಗರಿಯನ್ನೂ ತನ್ನ ಬೊಂಬೆಯನ್ನೂ ಎತ್ತಿಕೊಂಡು ಹೋದದ್ದನ್ನು ಯಾರೂ ನೋಡಲಿಲ್ಲ.

ಬಿಸಿಲು ಎದುರು ಗೋಡೆಗೆ ಏರಿದ ಹೊತ್ತಿಗೆ ಹುಡುಗಿ ವಾಪಸು ಬಂದಿದ್ದಳು. ಅಜ್ಜಿಯ ಬೆನ್ನ ಹಿಂದೆ ನಿಂತು ನೀರು ಕೇಳಿದಳು. ಒಡಿಲ್ ಹೂಜಿಯ ಕಡೆ ಕೈ ತೋರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನೀರು. ಮೂರನೇ ಸಲ ಹೂಜಿ ಕೆಳಗಿಟ್ಟ ಸದ್ದಾದಾಗ ಒಡಿಲ್‌ಗೆ ರೇಗಿತು.

"ಏನೇ ಅದು, ಹೊಟ್ಟೇಲಿ ಮೀನು ಸಾಕಿದೀಯಾ?"

"ಬಾಯಿ ಉರೀತಿದೆ ಮೆಮೆ."

ಒಡಿಲ್ ಹೊರಳಿ ನೋಡಿದಳು. ಹುಡುಗಿಯ ತುಟಿ ಕೆಂಪಗಿತ್ತು, ಗಲ್ಲದ ಮೇಲೆ ಹಣ್ಣಿನ ರಸ ಒಣಗಿತ್ತು. ನೋಡಿದ್ದೇ ತಡ, ಕೆನ್ನೆಗೆ ಒಂದು ಬಿಟ್ಟಳು.

"ಬುಟ್ಟಿಗೆ ಕೈ ಹಾಕಿದೀಯ. ಹೇಳಿರ್ಲಿಲ್ವಾ ನಾನು?"

"ಇಲ್ಲ."

"ಮುಖದ ಮೇಲೆ ಹಣ್ಣು ಇಟ್ಕೊಂಡು ಇಲ್ಲ ಅಂತೀಯಾ?"

"ಬಿಡೇ ಮಾರಾಯ್ತಿ, ಒಂದು ಹಿಡಿ ಹಣ್ಣು. ನನ್ನ ತಟ್ಟೆದೇ ಕಡಿಮೆ ಬರ್ಲಿ," ಎಂದು ಬ್ಲಾಂಡಿನ್ ಅಡ್ಡ ಬಂದಳು. ಹುಡುಗಿ ಅಳಲಿಲ್ಲ. ಒಂದು ಕೈಯಿಂದ ಕೆನ್ನೆ ಮುಚ್ಚಿಕೊಂಡು, ಇನ್ನೊಂದು ಕೈಯ ಮುಷ್ಟಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಉಗುಳು ನುಂಗುವಾಗ ಮುಖ ಕಿವುಚುತ್ತಿದ್ದಳು.

ಒಡಿಲ್ ಮತ್ತೆ ಗರಿ ಎತ್ತಿಕೊಂಡಳು. ನಾಲಿಗೆಗೆ ಮುಟ್ಟಿಸಿದಳು. ಗ್ರೊಸೆಯ ರಸ ನಾಲಿಗೆಗೆ ತಾಗಿತು, ಹುಳಿ. ಆಗ ಕೈ ನಿಂತಿತು. ಗ್ರೊಸೆ ಹುಳಿ. ಹಲ್ಲು ಚುಳುಕ್ಕೆನ್ನುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಆದರೆ ಬಾಯಿ ಉರಿಯುವುದಿಲ್ಲ. ನಲವತ್ತು ಬೇಸಿಗೆ ಈ ಹಣ್ಣಿನ ಜೊತೆ ಕಳೆದವಳಿಗೆ ಅಷ್ಟು ಹೊಳೆಯಬೇಕಾದರೆ ಒಂದು ಏಟು ಕೊಟ್ಟಾಗಿತ್ತು.

ಎದ್ದು ಹುಡುಗಿಯ ಗಲ್ಲ ಎತ್ತಿ ಬೆಳಕಿಗೆ ಹಿಡಿದಳು. ಕೆಳತುಟಿ ದಪ್ಪವಾಗುತ್ತಿತ್ತು. ಒಳಗೆ, ನಾಲಿಗೆಯ ತುದಿಯಲ್ಲಿ, ಬಿಳಿಯ ಬೊಕ್ಕೆಯೊಂದು ಎದ್ದಿತ್ತು. ಒಡಿಲ್ ಆ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಜಜ್ಜಿದ ಒಂದು ಹಣ್ಣಿತ್ತು. ಕೆಂಪು, ಹೊಳಪು, ಗ್ರೊಸೆಯಷ್ಟೇ ಗಾತ್ರ. ತೊಟ್ಟು ಮಾತ್ರ ಇರಲಿಲ್ಲ.

ಗ್ರೊಸೆಯನ್ನು ತೊಟ್ಟಿಲ್ಲದೆ ಯಾರೂ ಬಿಡಿಸುವುದಿಲ್ಲ. ತೊಟ್ಟಿಲ್ಲದಿದ್ದರೆ ಹಿಡಿಯುವುದೆಲ್ಲಿ, ಬೀಜ ತೆಗೆಯುವುದು ಹೇಗೆ. ತೊಟ್ಟೇ ಇಲ್ಲದೆ ಕಡ್ಡಿಗೆ ಅಂಟಿಕೊಂಡೇ ಬೆಳೆಯುವ ಕೆಂಪು ಹಣ್ಣು ಈ ಕಡೆಯಲ್ಲಿ ಒಂದೇ.

ಚೆಂದಗಿಡ ಎಂದೇ ಅದಕ್ಕೆ ಹೆಸರು. ಫೆಬ್ರವರಿಯಲ್ಲಿ, ಹಿಮ ಇನ್ನೂ ನೆಲದ ಮೇಲಿರುವಾಗ, ಒಂದು ಎಲೆಯೂ ಇಲ್ಲದ ಕಡ್ಡಿಗಳ ತುಂಬ ಗುಲಾಬಿ ಹೂ ಬಿಡುತ್ತದೆ. ಊರೆಲ್ಲ ಸತ್ತಂತೆ ಮಲಗಿರುವಾಗ ಅದೊಂದು ಘಮಘಮಿಸುತ್ತದೆ. ಜುಲೈಯಲ್ಲಿ ಹಣ್ಣು. ಒಡಿಲ್ ಚಿಕ್ಕವಳಿದ್ದಾಗ ಗಾಡಿ ರಿಪೇರಿಯವನ ಮಗಳು ಹೋರ್ಟಾನ್ಸ್ ಅದನ್ನು ತಿಂದಿದ್ದಳು. ಕೊನೆಗೆ ಅವಳ ಬಾಯಿಗೆ ನೀರನ್ನೂ ಬಿಡಲಾಗಲಿಲ್ಲ ಎಂದು ದೊಡ್ಡವರು ಪಿಸುಗುಟ್ಟಿದ್ದು, ಬಿಳಿಯ ಪುಟ್ಟ ಶವಪೆಟ್ಟಿಗೆಯ ಹಿಂದೆ ತಾನು ಹೂ ಹಿಡಿದು ನಡೆದದ್ದು ಒಡಿಲ್‌ಗೆ ಮರೆತಿರಲಿಲ್ಲ.

"ಎಲ್ಲಿ ಸಿಕ್ತು ಇದು?"

ಹುಡುಗಿ ಬಿಡಿಸಿದ ಬೆರಳುಗಳನ್ನು ಮತ್ತೆ ಮುಚ್ಚಿಕೊಂಡಳು.

"ಎಷ್ಟು ತಿಂದೆ? ಹೇಳು. ಹೇಳೇ."

ದನಿ ಏರಿತು. ಏರಿದಷ್ಟೂ ಹುಡುಗಿ ಹಿಂದೆ ಸರಿದಳು, ಗೋಡೆಗೆ ಬೆನ್ನು ತಾಗುವವರೆಗೆ. ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಳು.

"ಏನೂ ತಿಂದಿಲ್ಲ," ಎಂದಳು. ಆ ದನಿ ಅವಳದಾಗಿರಲಿಲ್ಲ, ಒಣಗಿ ಗೊಗ್ಗರಾಗಿತ್ತು.

ಬ್ಲಾಂಡಿನ್ ಒಮ್ಮೆ ಆ ಹಣ್ಣನ್ನು ನೋಡಿದಳು, ಒಮ್ಮೆ ಒಡಿಲಳ ಮುಖ ನೋಡಿದಳು. ತಮಾಷೆಯ ಹೆಂಗಸು ಒಂದು ಮಾತೂ ಆಡದೆ ಲಂಗ ಎತ್ತಿಕಟ್ಟಿ, ಕೆಳಪೇಟೆಗೆ ಇಳಿಯುವ ಮೆಟ್ಟಿಲುಗಳ ಕಡೆ ಓಡಿದಳು. ಐವತ್ತು ದಾಟಿದವಳು ಹಾಗೆ ಓಡಿದ್ದನ್ನು ಆ ಬೀದಿ ಹಿಂದೆಂದೂ ನೋಡಿರಲಿಲ್ಲ.

ಡಾಕ್ಟರ್ ಥಿರಿಯೋ ಏದುಸಿರು ಬಿಡುತ್ತ ಬರುವ ಹೊತ್ತಿಗೆ ಹುಡುಗಿಯನ್ನು ಒಳಗೆ ಮಲಗಿಸಿದ್ದರು. ಕೊಟ್ಟ ಹಾಲೆಲ್ಲ ವಾಂತಿಯಾಗಿತ್ತು. ಒಡಿಲ್ ವಾಂತಿ ಹಿಡಿದ ಬೇಸಿನ್ನಿನಲ್ಲಿ ಬೆರಳಾಡಿಸಿ ಹಣ್ಣಿನ ಚೂರು ಹುಡುಕಿದ್ದಳು. ಗುಲಾಬಿ ಬಣ್ಣದ ಹಾಲು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಅದರಿಂದ ಒಳ್ಳೆಯದೆಂದು ತಿಳಿಯಬೇಕೋ ಕೆಟ್ಟದೆಂದೋ ಅವಳಿಗೆ ಗೊತ್ತಾಗಲಿಲ್ಲ.

ಡಾಕ್ಟರು ಹಣ್ಣು ನೋಡಿದರು, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಗಂಟಲು ನೋಡಿದರು. ಆಮೇಲೆ ಒಡಿಲಳನ್ನು ಕಿಟಕಿಯ ಹತ್ತಿರ ಕರೆದರು.

"ಎಷ್ಟು ತಿಂದಿದಾಳೆ ಮದಾಮ್?"

"ಹೇಳ್ತಾ ಇಲ್ಲ ಡಾಕ್ಟ್ರೇ. ತಿಂದೇ ಇಲ್ಲ ಅಂತಾಳೆ."

"ಬೀಜ ಅಗಿದಳಾ, ಅದು ನನಗೆ ಗೊತ್ತಾಗ್ಬೇಕು. ಈ ಹಣ್ಣಿನ ವಿಷವೆಲ್ಲ ಬೀಜದಲ್ಲಿರೋದು. ತಿರುಳು ತಿಂದು ಬದುಕಿದೋರನ್ನ ನೋಡಿದೀನಿ." ಅವರು ಚೀಲದಿಂದ ಕೆಂಪು ರಬ್ಬರಿನ ಒಂದು ಕೊಳವೆ ತೆಗೆದರು. "ಬೀಜ ಹೊಟ್ಟೇಲಿದ್ರೆ ಇದನ್ನ ಇಳಿಸಿ ಹೊಟ್ಟೆ ತೊಳೀಲೇಬೇಕು. ಆದ್ರೆ ಗಂಟಲು ಆಗಲೇ ಊದಿದೆ. ಇದನ್ನ ತೂರಿಸಿದ್ರೆ ಇನ್ನೂ ಊದತ್ತೆ, ಉಸಿರು ಕಟ್ಟಿದ್ರೂ ಕಟ್ತು. ಬೀಜ ಇಲ್ಲದಿದ್ರೆ ಈ ಕೆಲಸ ಮಾಡೋದೇ ತಪ್ಪು."

"ಮಾಡಿದ್ರೂ ಸಾಯ್ತಾಳೆ, ಬಿಟ್ರೂ ಸಾಯ್ತಾಳೆ ಅಂತೀರಾ?"

"ಯಾವುದು ಅಂತ ಗೊತ್ತಾದ್ರೆ ಎರಡೂ ಆಗದ ಹಾಗೆ ನೋಡ್ಬಹುದು ಅಂತೀನಿ. ಇದನ್ನ ಕುದಿಸೋಕೆ ನೀರಿಡಿ. ನೀರು ಕಾಯೋವರೆಗೆ ಟೈಮಿದೆ, ಅವಳನ್ನ ಕೇಳಿ."

ಒಡಿಲ್ ಒಲೆಯ ಮೇಲೆ ನೀರಿಟ್ಟು, ಮಂಚದ ಪಕ್ಕ ಮಂಡಿಯೂರಿ ಕುಳಿತಳು. ಮೆತ್ತಗೆ ಮಾತಾಡುವುದು ಅವಳಿಗೆ ಬಾರದ ವಿದ್ಯೆ. ಚಿನ್ನ, ಪುಟ್ಟ ಎಂದೆಲ್ಲ ಕರೆದಳು, ಆ ಶಬ್ದಗಳು ಯಾರದೋ ಮನೆಯಿಂದ ಎರವಲು ತಂದಂತಿದ್ದವು. ಹುಡುಗಿ ಆ ಮಾತುಗಳನ್ನು ಕೇಳಲಿಲ್ಲ, ಅಜ್ಜಿಯ ಕೈಗಳನ್ನೇ ನೋಡುತ್ತಿದ್ದಳು. ಎಡಗೈ ಎಲ್ಲಿದೆ, ಬಲಗೈ ಎಲ್ಲಿದೆ ಎಂದು ಅವಳ ಕಣ್ಣು ಹುಡುಕುತ್ತಿತ್ತು.

"ಎಷ್ಟು ತಿಂದೆ ಮಗಾ?"

"ಇಲ್ಲ."

"ಬೀಜ ಕಚ್ಚಿದ್ಯಾ?"

"ಇಲ್ಲ."

ಏನು ಕೇಳಿದರೂ ಇಲ್ಲ. ಏಟು ತಪ್ಪಿಸಿಕೊಳ್ಳಲು ಈ ಮಗು ಹಿಂದೆಯೂ ಹೀಗೇ ಇಲ್ಲ ಎಂದಿತ್ತು, ಹಾಲು ಚೆಲ್ಲಿದಾಗ, ತಟ್ಟೆ ಒಡೆದಾಗ. ಈ ಇಲ್ಲ ಯಾವ ಇಲ್ಲ ಎಂದು ಒಡಿಲ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಆ ದಾರಿಯನ್ನು ಮುಚ್ಚಿದ್ದು ತಾನೇ ಎಂಬುದು ಮಾತ್ರ ತಿಳಿಯಿತು. ಉಸಿರಾಡುವಾಗ ಹುಡುಗಿಯ ಗಂಟಲಲ್ಲಿ ಸಣ್ಣಗೆ ಸಿಳ್ಳೆಯ ಸದ್ದು ಬರತೊಡಗಿತ್ತು.

ಹುಡುಗಿಯನ್ನು ಬ್ಲಾಂಡಿನ್‌ಗೆ ಒಪ್ಪಿಸಿ, ಒಡಿಲ್ ಹೊರಗೆ ಓಡಿದಳು.

ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಬೀದಿಯ ಕೊನೆಯಲ್ಲಿ ನೋಟರಿಯ ವಿಧವೆಯ ತೋಟವಿತ್ತು. ಆಕೆ ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ ಬಿದ್ದಿತ್ತು, ಆದರೆ ಬಾಗಿಲ ಕೆಳಗಿನ ಹಲಗೆ ಕೊಳೆತು ಒಂದು ಮಗು ನುಸುಳುವಷ್ಟು ಸಂದಿಯಾಗಿತ್ತು. ಒಳಗೆ, ಗೋಡೆಗೆ ಹೊಂದಿಕೊಂಡ ಬಾವಿಯ ಪಕ್ಕ, ಸೊಂಟದೆತ್ತರದ ಚೆಂದಗಿಡ. ಪ್ರತಿ ಫೆಬ್ರವರಿಯಲ್ಲೂ ಒಡಿಲ್ ಗೋಡೆಯ ಮುರಿದ ಭಾಗದಿಂದ ಕೈ ಚಾಚಿ ಒಂದು ಕೊಂಬೆ ಮುರಿದು ತಂದು, ಗಾಜಿನ ಲೋಟದಲ್ಲಿ ಕಿಟಕಿಯ ಮೇಲಿಡುತ್ತಿದ್ದಳು. ಕಳೆದ ಸಲ ಸೋಲಾಂಜಳ ಮೂಗಿಗೂ ಹಿಡಿದಿದ್ದಳು, ಮೂಸು, ಎಷ್ಟು ಚೆನ್ನಾಗಿದೆ ನೋಡು ಎಂದು. ಅದು ಮೆಮೆಯ ಗಿಡ ಎಂದೇ ಹುಡುಗಿ ತಿಳಿದಿದ್ದಳು. ಮೆಮೆಯ ಗಿಡಕ್ಕೆ ಯಾರು ಹೆದರುತ್ತಾರೆ.

ಕೊಳೆತ ಹಲಗೆಯನ್ನು ಇನ್ನಷ್ಟು ಮುರಿದು ಸಂದಿಯಲ್ಲಿ ನುಸುಳುವಾಗ ಒಡಿಲಳ ತೋಳು ತರಚಿ ರಕ್ತ ಬಂತು. ಬಾವಿಯ ಹತ್ತಿರ ಬಂದು ನಿಂತವಳು ನಿಂತೇಬಿಟ್ಟಳು.

ಅಲ್ಲೊಂದು ಪುಟ್ಟ ಕೆಲಸದ ಮನೆಯಿತ್ತು. ಎರಡು ಇಟ್ಟಿಗೆಗಳ ಮೇಲೆ ಚಾವಣಿಯ ಒಂದು ಕಲ್ಲುಹಲಗೆ ಇಟ್ಟು ಹುಡುಗಿ ಮೇಜು ಮಾಡಿದ್ದಳು. ಎದುರಿಗೆ ಬೊಂಬೆಯನ್ನು ಕೂರಿಸಿದ್ದಳು, ಬ್ಲಾಂಡಿನ್ ಕೂರುವ ಜಾಗದಲ್ಲಿ. ಮೇಜಿನ ಬಲಕ್ಕೆ ಮುರಿದ ಒಂದು ಕೊಂಬೆ, ಎಡಕ್ಕೆ ಒಂದು ಅಗಲವಾದ ಎಲೆ, ಎಲೆಯ ಮೇಲೆ ಸಾಲಾಗಿ ಮೂರು ನಾಲ್ಕು ಹಣ್ಣು. ನಡುವೆ ಮಡಕೆಯ ಒಂದು ಚೂರು. ಗರಿ ಅದರ ಮೇಲೆ ಅಡ್ಡಕ್ಕೆ ಇತ್ತು, ಕೆಲಸ ನಿಲ್ಲಿಸುವಾಗ ಒಡಿಲ್ ಇಡುವ ಹಾಗೆಯೇ.

ಒಡಿಲ್ ಮಡಕೆ ಚೂರಿಗೆ ಬಗ್ಗಿದಳು. ಅದರಲ್ಲಿ ಬೀಜಗಳಿದ್ದವು.

ಹಣ್ಣಿಗೊಂದೇ ಬೀಜ ಈ ಗಿಡದ್ದು, ಕಂದು ಬಣ್ಣದ ದುಂಡು ಬೀಜ. ಅವಳು ಎಲೆಯ ಮೇಲಿನ ಒಂದು ಹಣ್ಣನ್ನು ತಿರುಗಿಸಿ ನೋಡಿದಳು. ಪಕ್ಕದಲ್ಲಿ ಹುಡುಗಿ ಒಂದು ಸಣ್ಣ ಕದ ಕತ್ತರಿಸಿದ್ದಳು. ಕದವನ್ನು ಮತ್ತೆ ಮುಚ್ಚಿದ್ದಳು. ಒಳಗೆ ಬೀಜವಿರಲಿಲ್ಲ. ತೊಟ್ಟಿಲ್ಲದ, ಬೆರಳಲ್ಲಿ ಜಾರುವ ಹಣ್ಣನ್ನು ಆ ಪುಟ್ಟ ಕೈ ಅದು ಹೇಗೆ ಹಿಡಿದುಕೊಂಡಿತೋ.

ಮನೆಗೆಂದು ಗ್ರೊಸೆಯ ನಾಲ್ಕು ಗೊಂಚಲು ಉಳಿಸಿಕೊಂಡಾಗಲೂ ಒಡಿಲ್ ಬೀಜ ತೆಗೆದೇ ಮೊಮ್ಮಗಳ ತಟ್ಟೆಗೆ ಹಾಕುತ್ತಿದ್ದಳು. ಬೀಜದ ಸಮೇತ ತಿನ್ನೋದು ಕೋಳಿ ಎನ್ನುವಳು. ಬೀಜವಿರುವ ಗ್ರೊಸೆಯ ರುಚಿಯೇ ಆ ಹುಡುಗಿಗೆ ಗೊತ್ತಿರಲಿಲ್ಲ. ಒಡಿಲಳ ಎದೆಯಲ್ಲಿ ಏನೋ ಒಂದು ತಲೆ ಎತ್ತಿತು, ಅದಕ್ಕೆ ಆಸೆ ಎಂದು ಹೆಸರಿಡಲು ಅವಳಿಗೆ ಹೆದರಿಕೆಯಾಯಿತು.

ಮುರಿದ ಕೊಂಬೆಯನ್ನು ಎತ್ತಿಕೊಂಡಳು. ಹಣ್ಣು ಕಿತ್ತ ಕಡೆಯೆಲ್ಲ ಹಸಿ ಕಲೆ ಉಳಿದಿತ್ತು. ಕೊಂಬೆಯನ್ನು ಕಲ್ಲಿನ ಮೇಲಿಟ್ಟು, ಒಂದೊಂದು ಕಲೆಯ ಪಕ್ಕ ಒಂದೊಂದು ಬೀಜ ಇಡುತ್ತ ಬಂದಳು. ಹುಬ್ಬಿನ ಬೆವರು ಕಣ್ಣಿಗಿಳಿಯುತ್ತಿತ್ತು. ಒಂದು ಬೀಜ ಉರುಳಿ ಹುಲ್ಲಿಗೆ ಬಿತ್ತು, ಅದನ್ನು ಹುಡುಕುವಷ್ಟರಲ್ಲಿ ನೀರು ಕುದಿಯುತ್ತಿರಬಹುದು ಎಂದುಕೊಂಡು ಎರಡೂ ಕೈಯಲ್ಲಿ ಹುಲ್ಲು ಬಗೆದಳು. ಸಿಕ್ಕಿತು. ಇಟ್ಟಳು. ಕೊನೆಗೆ ಬೀಜ ಮುಗಿಯಿತು, ಕಲೆ ಒಂದು ಉಳಿಯಿತು.

ಮತ್ತೆ ಮೊದಲಿಂದ ಇಟ್ಟಳು. ಮತ್ತೆ ಒಂದು ಕಲೆ ಉಳಿಯಿತು. ಒಂದು ಬೀಜ ಹುಡುಗಿಯ ಹೊಟ್ಟೆಯಲ್ಲಿದೆ. ಅಥವಾ ಹಲ್ಲಿನ ನಡುವೆ ಪುಡಿಯಾಗಿದೆ. ಒಂದಿದ್ದರೆ ಇನ್ನೆಷ್ಟಿರಬಹುದು, ಬೇರೆ ಕೊಂಬೆಯದು, ನೇರವಾಗಿ ಗಿಡದಿಂದಲೇ ಕಿತ್ತು ತಿಂದದ್ದು. ಒಡಿಲ್ ಗಿಡದ ಸುತ್ತ ತೆವಳಿದಳು, ಕೊಂಬೆ ಕೊಂಬೆಯನ್ನೂ ಎತ್ತಿ ನೋಡಿದಳು. ಬೇರೆಲ್ಲೂ ಹಸಿ ಕಲೆ ಕಾಣಲಿಲ್ಲ. ಹಾಗಾದರೆ ಆ ಒಂದು ಎಲ್ಲಿ. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ದಿಗಿಲಾಗಿ ಕಣ್ಣು ಮುಚ್ಚಿದಾಗ ಹುಡುಗಿಯ ಮುಷ್ಟಿ ಕಣ್ಣೆದುರು ಬಂತು. ತಾನೇ ಬೆರಳು ಬಿಡಿಸಿ ತೆಗೆದ ಆ ಜಜ್ಜಿದ ಹಣ್ಣು.

ಬೀಜ, ಎಲೆಯ ಮೇಲಿನ ಹಣ್ಣು, ಕೊಂಬೆ, ಗರಿ ಎಲ್ಲವನ್ನೂ ಏಪ್ರನ್ನಿಗೆ ತುಂಬಿಕೊಳ್ಳುವಾಗ ಇನ್ನೊಂದು ಸಂಗತಿ ಕಂಡಿತು. ಒಂದು ಬೀಜ ಸೀಳಿತ್ತು. ಗರಿ ಜಾರಿ ಬೀಜಕ್ಕೇ ನಾಟಿ ಎರಡು ಹೋಳು ಮಾಡಿತ್ತು. ಗರಿಯ ಮೊನೆಯಲ್ಲಿ ಅದರ ಬಿಳಿಯ ಹಿಟ್ಟು ಮೆತ್ತಿತ್ತು, ಮೊನೆಯ ಹತ್ತಿರ ಪುಟ್ಟ ಬಾಯಿಯ ಒದ್ದೆ ಒಣಗಿ ಗುರುತು ಬಿಟ್ಟಿತ್ತು. ನಾಲಿಗೆಯ ತುದಿಯಲ್ಲಿದ್ದ ಬೊಕ್ಕೆ ಒಡಿಲ್‌ಗೆ ನೆನಪಾಯಿತು. ಹುಡುಗಿ ಪ್ರತಿ ಹಣ್ಣಿಗೂ ಗರಿಯನ್ನು ನೆಕ್ಕಿದ್ದಳು. ಅಜ್ಜಿಯಿಂದ ಕಲಿತದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಮನೆಯೊಳಗೆ ಕಾಲಿಟ್ಟಾಗ ಡಾಕ್ಟರು ಅಂಗಿಯ ತೋಳು ಮಡಿಸಿಕೊಂಡು ನಿಂತಿದ್ದರು. ಕೊಳವೆ ಅವರ ಕೈಯಲ್ಲಿತ್ತು. ಬ್ಲಾಂಡಿನ್ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು ಅಳುತ್ತಿದ್ದಳು.

"ಬೇಡ," ಎಂದಳು ಒಡಿಲ್. "ನಿಲ್ಲಿ. ಬೇಡ."

ಏಪ್ರನ್ನಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದಳು. ಉಸಿರು ಕಟ್ಟಿಕೊಂಡು, ಹಿಂದುಮುಂದಾಗಿ, ಕೊಂಬೆಯ ಕಲೆ, ಬೀಜ, ಗರಿ ಎಲ್ಲ ಹೇಳಿದಳು. ಡಾಕ್ಟರು ಜಜ್ಜಿದ ಹಣ್ಣನ್ನು ಚಾಕುವಿನ ತುದಿಯಿಂದ ಬಿಡಿಸಿದರು. ಒಳಗೆ ಬೀಜ ಇಡಿಯಾಗಿ ಕೂತಿತ್ತು. ಅವರು ಎಲೆಯ ಮೇಲಿದ್ದ ಹಣ್ಣೊಂದನ್ನೂ ಎತ್ತಿ ಕದ ತೆರೆದು ನೋಡಿದರು, ಬಹಳ ಹೊತ್ತು ನೋಡಿದರು.

"ಈ ಕೊಂಬೆ ಬಿಟ್ಟು ಬೇರೆ ಎಲ್ಲಿಂದ್ಲೂ ತಿಂದಿಲ್ಲ ಅಂತ ಖಾತ್ರಿನಾ?"

"ಗಿಡ ಎಲ್ಲಾ ನೋಡಿದೀನಿ."

"ನಾನು ಕೇಳ್ತಿರೋದು ಗಿಡದ ಮಾತಲ್ಲ ಮದಾಮ್. ಒಂದೇ ಒಂದನ್ನೂ ಅವಳು ಬೀಜ ತೆಗೀದೆ ಬಾಯಿಗೆ ಹಾಕಿಲ್ಲ ಅಂತ ನೀವು ಹೇಳ್ತೀರಾ? ನೀವು ಹೇಳಿದ್ರೆ ನಾನು ಇದನ್ನ ಚೀಲಕ್ಕೆ ಹಾಕ್ತೀನಿ. ನಿಮ್ಮ ಮಾತು ತಪ್ಪಾದ್ರೆ ಆಮೇಲೆ ಏನೂ ಮಾಡೋಕಾಗಲ್ಲ."

ಮನೆಯೊಳಗೆ ಆ ಸಿಳ್ಳೆಯ ಉಸಿರೊಂದೇ ಕೇಳುತ್ತಿತ್ತು. ಜೀವಮಾನದಲ್ಲಿ ಒಬ್ಬರ ಕೈಕೆಲಸವನ್ನೂ ನಂಬದವಳು ಈಗ ಆರು ವರ್ಷದ ಕೈಯನ್ನು ನಂಬಬೇಕಿತ್ತು, ಅದೂ ಆ ಕೈಯ ಜೀವವನ್ನೇ ಒತ್ತೆಯಿಟ್ಟು. ಸಂಜೆ ಗಿರಣಿಯಿಂದ ಬರುವ ಮಗಳ ಮುಖ ಕಣ್ಣ ಮುಂದೆ ಸುಳಿಯಿತು. ಅವಳು ಮಂಚದ ಹತ್ತಿರ ಹೋಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು.

"ನಿನ್ನ ಕಾರ್ಖಾನೆ ನೋಡ್ದೆ," ಎಂದಳು. "ಬೊಂಬೆಗಿಂತ ನಿನ್ನ ಕೆಲಸ ಚೊಕ್ಕವಾಗಿದೆ."

ಹುಡುಗಿ ಊದಿದ ಕಣ್ಣು ತೆರೆದಳು.

"ಬೊಂಬೆ ಮಾತು ಜಾಸ್ತಿ ಆಡತ್ತೆ," ಎಂದಳು, ಕೇಳಿಸುವುದೋ ಇಲ್ಲವೋ ಎಂಬಂತೆ.

"ಒಂದಾದ್ರೂ ಬೀಜದ ಸಮೇತ ತಿಂದ್ಯಾ? ತಿಂದಿದ್ರೂ ನಾನೇನೂ ಮಾಡಲ್ಲ. ನೋಡು, ನನ್ನ ಕೈ ಹಿಂದಿದೆ."

ಹುಡುಗಿ ಒಡಿಲಳ ಭುಜಗಳನ್ನು ನೋಡಿದಳು, ಕೈ ನಿಜವಾಗಿಯೂ ಹಿಂದಿದೆಯೇ ಎಂದು. ಆಮೇಲೆ ಉಗುಳು ನುಂಗಿ, ನೋವಿಗೆ ಕಣ್ಣು ಮುಚ್ಚಿದಳು.

"ಬೀಜದ ಸಮೇತ ತಿನ್ನೋದು ಕೋಳಿ, ಮೆಮೆ."

ಒಡಿಲ್ ನೆಟ್ಟಗೆ ನಿಂತಳು. ಡಾಕ್ಟರ ಕಡೆ ತಿರುಗಿದಳು.

"ಖಾತ್ರಿ," ಎಂದಳು.

ಡಾಕ್ಟರು ಕೊಳವೆಯನ್ನು ಚೀಲಕ್ಕೆ ಹಾಕಿದರು.

ಆಮೇಲಿನ ಹೊತ್ತನ್ನು ಒಡಿಲ್ ಹೇಗೆ ಕಳೆದಳೋ ಅವಳಿಗೇ ಗೊತ್ತಿಲ್ಲ. ಮೊಟ್ಟೆಯ ಬಿಳಿ ಕದಡಿದ ಹಾಲನ್ನು ಚಮಚದಲ್ಲಿ ಹನಿಹನಿಯಾಗಿ ಬಿಡುವುದು, ಅದು ಹೊರಗೆ ಬರುವುದು, ಮತ್ತೆ ಬಿಡುವುದು. ಎಲಿಯಾನ್ ಬಂದಳು, ಬಾಗಿಲಲ್ಲೇ ಎಲ್ಲ ಕೇಳಿದಳು, ತಾಯಿಗೆ ಒಂದು ಮಾತೂ ಅನ್ನದೆ ಮಗಳ ಪಕ್ಕ ಮಲಗಿ ಅವಳನ್ನು ತಬ್ಬಿಕೊಂಡಳು. ಬೈದಿದ್ದರೆ ವಾಸಿಯಿತ್ತು. ಉಸಿರಿನ ಸಿಳ್ಳೆ ಒಮ್ಮೆ ಏರಿದಾಗ ಡಾಕ್ಟರು ಎದ್ದು ನಿಂತರು, ಒಡಿಲ್ ತಾನು ಆಡಿದ ಆ ಒಂದೇ ಮಾತನ್ನು ಹಿಂದಕ್ಕೆ ನುಂಗಲು ನೋಡಿದಳು. ತಪ್ಪಾಗಿದ್ದರೆ ಎಂದು ಒಳಗೊಂದು ಹುಳ ಕೊರೆಯುತ್ತಲೇ ಇತ್ತು. ಹೊರಗೆ ಮೇಜಿನ ಮೇಲೆ ಅರ್ಧ ಬುಟ್ಟಿ ಗ್ರೊಸೆ ಕಣಜಗಳ ಪಾಲಾಯಿತು, ತೂಗಲು ಬಂದವರನ್ನು ಬ್ಲಾಂಡಿನ್ ಬಾಗಿಲಿಂದಲೇ ವಾಪಸು ಕಳಿಸಿದಳು. ಬೆಳಗಿನ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಸಿಳ್ಳೆ ನಿಂತಿತು. ಒಡಿಲ್ ಬೆಚ್ಚಿಬಿದ್ದು ಮಂಚಕ್ಕೆ ಬಗ್ಗಿದಳು. ಉಸಿರು ನಿಂತಿರಲಿಲ್ಲ, ಸದ್ದು ಮಾತ್ರ ನಿಂತಿತ್ತು. ಹುಡುಗಿ ನಿದ್ದೆ ಮಾಡುತ್ತಿದ್ದಳು.

ಆವತ್ತೇ ಒಡಿಲ್ ಗುದ್ದಲಿ ಹಿಡಿದು ಹೋಗಿ ಚೆಂದಗಿಡವನ್ನು ಬೇರುಸಮೇತ ಕಿತ್ತಳು. ಕೈಗೆ ಬೊಕ್ಕೆ ಎದ್ದರೂ ಬಿಡಲಿಲ್ಲ.

ಗ್ರೊಸೆಯ ಕೊನೆಯ ಬುಟ್ಟಿಗಳು ಬರುವ ಹೊತ್ತಿಗೆ ಸೋಲಾಂಜಳ ನಾಲಿಗೆ ಮಾಗಿತ್ತು. ಎಲಿಯಾನ್ ಬಹಳ ಯೋಚಿಸಿಯೇ ಅವಳನ್ನು ಮತ್ತೆ ಕಳಿಸಿದ್ದಳು. ಹುಡುಗಿ ಮೇಜಿನಿಂದ ಎರಡು ಹೆಜ್ಜೆ ದೂರ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಒಡಿಲ್ ತನ್ನ ಪಕ್ಕಕ್ಕೆ ಒಂದು ಸ್ಟೂಲು ಎಳೆದಳು.

"ಕೂತ್ಕೋ."

ತಟ್ಟೆಯಿಂದ ಒಂದು ಹಣ್ಣು ತೆಗೆದು, ತೊಟ್ಟು ಹಿಡಿದು ಅವಳ ಮುಂದೆ ಇಟ್ಟಳು. ಹೊಸದಾಗಿ ಕತ್ತರಿಸಿದ ಒಂದು ಗರಿಯನ್ನೂ ಇಟ್ಟಳು.

"ತೂಕದ ಹಣ್ಣು ಮೆಮೆ. ಕಡಿಮೆ ಬರತ್ತೆ."

"ಬರ್ಲಿ."

ಹುಡುಗಿ ಹಣ್ಣನ್ನು ಎಡಗೈಯಲ್ಲಿ ಹಿಡಿದಳು. ಗರಿಯನ್ನು ಎತ್ತಿ, ಅಭ್ಯಾಸದಂತೆ, ನಾಲಿಗೆಯ ಹತ್ತಿರ ತಂದಳು.

ಒಡಿಲಳ ಕೈ ತಾನಾಗಿಯೇ ಮುಂದೆ ಹೋಯಿತು, ಗರಿಯನ್ನು ತಡೆಯಲು. ಅಷ್ಟೇ. ಆದರೆ ಕೈ ಎದ್ದದ್ದೇ ತಡ ಹುಡುಗಿ ಹಣ್ಣು ಗರಿ ಎರಡನ್ನೂ ಬಿಟ್ಟು, ಕಣ್ಣು ಮುಚ್ಚಿ, ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಸದ್ದಿಲ್ಲದೆ ಏಟಿಗೆ ಕಾಯುತ್ತ ಕುಳಿತಳು.

ಮೇಜಿನ ಸುತ್ತ ಎಲ್ಲರ ಗರಿಗಳೂ ನಿಂತವು. ಒಡಿಲ್‌ಗೆ ಆ ಕ್ಷಣ ಅರ್ಥವಾಯಿತು. ಆವತ್ತು ಬಾಯಿ ಸುಟ್ಟು, ಗಂಟಲು ಕಟ್ಟಿ, ಸಾವು ತಲೆದಿಂಬಿನ ಹತ್ತಿರ ಬಂದು ಕೂತಿದ್ದಾಗಲೂ ಈ ಮಗು ಹೆದರಿದ್ದು ಸಾವಿಗಲ್ಲ, ತನಗೆ. ತನ್ನ ಈ ಕೈಗೆ. ಅವಳಿಗೆ ಆವತ್ತಿಗಿಂತ ಹೆಚ್ಚು ಭಯವಾಯಿತು.

ಅವಳು ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡಳು. ಹುಡುಗಿಯ ಮೊಣಕೈ ಕೆಳಗಿಳಿಯುವವರೆಗೂ ಕಾದಳು. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದು ಬಟ್ಟಲಲ್ಲಿ ನೀರು ತಂದು, ತನ್ನ ಗರಿಯ ಮೊನೆಯನ್ನು ಅದರಲ್ಲಿ ಅದ್ದಿ, ಬಟ್ಟಲನ್ನು ಇಬ್ಬರ ನಡುವೆ ಸರಿಸಿದಳು.

"ಇನ್ಮೇಲೆ ಹೀಗೆ. ನಾನೂ ಇದರಲ್ಲೇ ಅದ್ದೋದು."

ಹುಡುಗಿ ಗರಿಯನ್ನು ಅದ್ದಿದಳು. ಬಿದ್ದ ಹಣ್ಣನ್ನು ಎತ್ತಿಕೊಂಡು ತೊಟ್ಟಿನ ಪಕ್ಕ ಕದ ತೆರೆದಳು, ಬೀಜಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಹಚ್ಚಿದಳು, ಕದ ಮುಚ್ಚಿದಳು. ರಸ ಚೆಲ್ಲಲಿಲ್ಲ. ಒಡಿಲ್ ಅದನ್ನು ತಿರುಗಿಸಿ ನೋಡಲಿಲ್ಲ, ಬೀಜ ಉಳಿದಿದೆಯೇ ಎಂದು ಬೆಳಕಿಗೂ ಹಿಡಿಯಲಿಲ್ಲ.

"ಚೆನ್ನಾಗಿದೆ. ತಿನ್ನು," ಎಂದಳು.

ಹುಡುಗಿ ಹಣ್ಣನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿದಳು. ತಿನ್ನುವ ಮೊದಲು ಒಡಿಲಳ ಕೈಗಳು ಎಲ್ಲಿವೆ ಎಂದು ಇನ್ನೊಮ್ಮೆ ನೋಡಿದಳು.